ಒಮ್ಮೆ ನೆಟ್ಟರೆ ನೆಲೆಯೂರುವ ವಸಂತದ ಗೆಡ್ಡೆಹೂಗಳು

ಬ್ರಿಟನ್ನಿನ ತೋಟಗಳಲ್ಲಿ ಜನವರಿ ಕೊನೆಯಿಂದ ಏಪ್ರಿಲ್ ಮಧ್ಯದವರೆಗೆ ನೆಲಮಟ್ಟದಲ್ಲಿ ಅರಳುವ ಹೂಗಳಲ್ಲಿ ಹೆಚ್ಚಿನವು ಗೆಡ್ಡೆಗಳಿಂದ ಬರುವಂಥವು. ಸ್ನೋಡ್ರಾಪ್, ವಿಂಟರ್ ಅಕೊನೈಟ್, ಕ್ರೋಕಸ್, ಸಿಲ್ಲಾ, ಡ್ಯಾಫೊಡಿಲ್ ಇವುಗಳಲ್ಲಿ ಮುಖ್ಯವಾದವು. ಇವನ್ನು ಬೆಳೆಸಲು ಎರಡು ದಾರಿಗಳಿವೆ. ಪ್ರತಿ ಶರತ್ಕಾಲದಲ್ಲಿ ಹೊಸ ಗೆಡ್ಡೆ ತಂದು ನೆಟ್ಟು, ಹೂವು ಮುಗಿದ ಮೇಲೆ ಕಿತ್ತುಹಾಕುವುದು ಒಂದು ದಾರಿ. ನೆದರ್ಲೆಂಡ್ಸಿನ ಹೆಸರುವಾಸಿ ಕ್ಯೂಕೆನ್‌ಹಾಫ್ ಉದ್ಯಾನ ನಡೆಯುವುದು ಹೀಗೆಯೇ. ಸುಮಾರು ಎಂಟು ವಾರಗಳ ಪ್ರದರ್ಶನಕ್ಕಾಗಿ ಅಲ್ಲಿ ವರ್ಷವರ್ಷವೂ 70 ಲಕ್ಷದಷ್ಟು ಗೆಡ್ಡೆಗಳನ್ನು ಹೊಸದಾಗಿ ನೆಡುತ್ತಾರೆ. ಇನ್ನೊಂದು ದಾರಿಯಲ್ಲಿ ನೆಡುವುದು ಒಂದೇ ಸಲ. ಆಮೇಲೆ ಆ ಗೆಡ್ಡೆ ತಾನೇ ಪ್ರತಿವರ್ಷ ಚಿಗುರಿ, ಮರಿಯೊಡೆದು, ಬೀಜ ಚೆಲ್ಲಿ ಜಾಗ ಹಿಡಿಯುತ್ತದೆ. ಹುಲ್ಲುಹಾಸಿನಲ್ಲೋ ಮರದ ಬುಡದಲ್ಲೋ ಯಾರೂ ನೆಡದೆ ತಾನಾಗಿ ಹುಟ್ಟಿದಂತೆ ಕಾಣುವ ಈ ಬಗೆಯ ಬೆಳೆಗೆ ದುಡ್ಡಿಗಿಂತ ಹೆಚ್ಚಾಗಿ ಬೇಕಾಗುವುದು ಸರಿಯಾದ ಆಯ್ಕೆ.

ಆಯ್ಕೆಯಲ್ಲಿ ಎಡವುವವರೇ ಹೆಚ್ಚು. ಅಂಗಡಿಯ ಪೊಟ್ಟಣದ ಮೇಲಿನ ಚಿತ್ರ ಬಣ್ಣವನ್ನು ತೋರಿಸುತ್ತದೆ, ಹೂವಿನ ಗಾತ್ರವನ್ನು ಹೇಳುತ್ತದೆ. ಆ ಗಿಡದ ದಿನಚರಿಯನ್ನು ಹೇಳುವುದಿಲ್ಲ. ನೆಲೆಯೂರಬೇಕಾದ ಗೆಡ್ಡೆಗೆ ಬಣ್ಣಕ್ಕಿಂತ ದಿನಚರಿ ಮುಖ್ಯ. ಅದು ಯಾವಾಗ ಎಲೆ ಬಿಡುತ್ತದೆ, ಯಾವಾಗ ಬೀಜ ಕಟ್ಟುತ್ತದೆ, ಯಾವಾಗ ಒಣಗಿ ನೆಲದೊಳಗೆ ಮಲಗುತ್ತದೆ ಎಂಬುದು ಮೇಲಿರುವ ಮರದ ದಿನಚರಿಗೂ ಸುತ್ತಲಿನ ಹುಲ್ಲು ಕತ್ತರಿಸುವವರ ದಿನಚರಿಗೂ ಹೊಂದಬೇಕು. ಹೊಂದಿದರೆ ಐವತ್ತು ಗೆಡ್ಡೆಗಳಿಂದ ಶುರುವಾದದ್ದು ಕೆಲವು ವರ್ಷಗಳಲ್ಲಿ ಇಡೀ ಅಂಗಳಕ್ಕೆ ಹಬ್ಬುತ್ತದೆ. ಹೊಂದದಿದ್ದರೆ ಐನೂರು ನೆಟ್ಟರೂ ಮೂರನೆಯ ವರ್ಷಕ್ಕೆ ಉಳಿಯುವುದು ನಾಲ್ಕು ಬಡಕಲು ಎಲೆ.

ಗೆಡ್ಡೆ ಎಂಬ ಒಂದೇ ಹೆಸರಿನಡಿ ಬೇರೆ ಬೇರೆ ರಚನೆಗಳಿವೆ. ಡ್ಯಾಫೊಡಿಲ್, ಸ್ನೋಡ್ರಾಪ್‌ಗಳದ್ದು ಈರುಳ್ಳಿಯಂತೆ ಪದರಪದರವಾದ ಗೆಡ್ಡೆ. ಆ ಪದರಗಳೇ ಆಹಾರದ ಉಗ್ರಾಣ. ಕ್ರೋಕಸ್‌ನದ್ದು ಪದರಗಳಿಲ್ಲದ ಗಟ್ಟಿ ತಿರುಳು. ಪ್ರತಿವರ್ಷ ಹಳೆಯದು ಬತ್ತಿ ಅದರ ತಲೆಯ ಮೇಲೆ ಹೊಸದು ಹುಟ್ಟುತ್ತದೆ. ಹೀಗೆ ವರ್ಷಕ್ಕಿಷ್ಟು ಮೇಲೇರುತ್ತ ಹೋದರೆ ಕೊನೆಗೆ ಮಣ್ಣಿನಿಂದ ಆಚೆ ಬರಬೇಕಿತ್ತು. ಹಾಗಾಗದಿರುವುದಕ್ಕೆ ಕಾರಣ ಅದರ ದಪ್ಪನೆಯ ಸಂಕೋಚಕ ಬೇರುಗಳು. ಇವು ಮೊದಲು ಕೆಳಕ್ಕಿಳಿದು, ಆಮೇಲೆ ಸುಕ್ಕುಗಟ್ಟಿ ಮೋಟಾಗಿ, ಗೆಡ್ಡೆಯನ್ನು ಮತ್ತೆ ಆಳಕ್ಕೆ ಎಳೆದುಕೊಳ್ಳುತ್ತವೆ. ವಿಂಟರ್ ಅಕೊನೈಟ್‌ನದ್ದು ಆಕಾರವೇ ಇಲ್ಲದ ಗಂಟು. ಯಾವ ಕಡೆ ಮೇಲು, ಯಾವ ಕಡೆ ಕೆಳಗು ಎಂದು ನೋಡಿದರೆ ತಿಳಿಯದು.

ರಚನೆ ಬೇರೆಯಾದರೂ ಬದುಕುವ ರೀತಿ ಒಂದೇ. ಓಕ್, ಬೀಚ್, ಹೇಜಲ್‌ನಂಥ ಎಲೆ ಉದುರಿಸುವ ಮರಗಳ ಕೆಳಗೆ ನೇರ ಬಿಸಿಲು ಬೀಳುವುದು ಚಳಿಗಾಲದ ಕೊನೆಯಿಂದ ಮರ ಚಿಗುರುವವರೆಗೆ ಮಾತ್ರ. ಆ ಕೆಲವೇ ವಾರಗಳಲ್ಲಿ ಈ ಗಿಡಗಳು ಎಲೆ ಬಿಟ್ಟು, ಹೂವರಳಿಸಿ, ಬೀಜ ಮಾಡಿ, ಮುಂದಿನ ವರ್ಷದ ಆಹಾರವನ್ನು ಗೆಡ್ಡೆಗಿಳಿಸಿ ಮಾಯವಾಗಬೇಕು. ಮೇ ಕೊನೆಯ ಹೊತ್ತಿಗೆ ಮೇಲೆ ನೆರಳು ದಟ್ಟವಾದಾಗ ಬಹುಪಾಲು ಗೆಡ್ಡೆಗಳು ನಿದ್ದೆಗೆ ಜಾರಿರುತ್ತವೆ. ಹೊರಗೆ ಸುಪ್ತವಾಗಿ ಕಂಡರೂ ಒಳಗೆ ಕೆಲಸ ನಿಂತಿರುವುದಿಲ್ಲ. ಮುಂದಿನ ವಸಂತದ ಮೊಗ್ಗು ಬೇಸಿಗೆಯ ಹೊತ್ತಿಗೇ ಗೆಡ್ಡೆಯ ಗರ್ಭದಲ್ಲಿ ರೂಪುಗೊಳ್ಳುತ್ತದೆ. ಶರತ್ಕಾಲದಲ್ಲಿ ಕೊಂಡ ಡ್ಯಾಫೊಡಿಲ್ ಗೆಡ್ಡೆಯನ್ನು ಉದ್ದಕ್ಕೆ ಸೀಳಿದರೆ ಪದರಗಳ ನಡುವೆ ಪುಟ್ಟ ಹೂವು ಕಣ್ಣಿಗೇ ಕಾಣುತ್ತದೆ. ಹೊಸ ಗೆಡ್ಡೆ ಮೊದಲ ವರ್ಷ ಹೇಗೆ ನೆಟ್ಟರೂ ಹೂ ಬಿಡುವುದು ಇದರಿಂದಲೇ. ಆ ಹೂವಿನ ಶ್ರೇಯ ಮಾರಿದ ರೈತನದು. ಕೊಂಡವರ ಕೈಗುಣ ತಿಳಿಯುವುದು ಎರಡನೆಯ ವರ್ಷದಿಂದ.

ಒಳಗಿನ ಮೊಗ್ಗು ಹೊರಬರಲು ಚಳಿ ಬೇಕೇ ಬೇಕು. ಟ್ಯುಲಿಪ್, ಡ್ಯಾಫೊಡಿಲ್‌ಗಳಿಗೆ ಸುಮಾರು ಹನ್ನೆರಡರಿಂದ ಹದಿನಾರು ವಾರಗಳ ಕಾಲ ಮಣ್ಣು 9 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿರಬೇಕಾಗುತ್ತದೆ. ಜನವರಿಯಲ್ಲೂ ಕನಿಷ್ಠ ಉಷ್ಣಾಂಶ ಸರಾಸರಿ 15 ಡಿಗ್ರಿಯ ಆಸುಪಾಸಿನಲ್ಲಿರುವ ಬೆಂಗಳೂರಿನಲ್ಲಿ ಇವು ನೆಲೆಯೂರುವ ಮಾತೇ ಇಲ್ಲ. ಫ್ರಿಜ್ಜಿನಲ್ಲಿಟ್ಟು ಚಳಿ ತಿನ್ನಿಸಿದರೆ ಕುಂಡದಲ್ಲಿ ಒಂದು ಸಲ ಅರಳಬಹುದು, ಅಷ್ಟೇ. ಕರ್ನಾಟಕದ ನೆಲದಲ್ಲಿ ಇದೇ ಬಗೆಯ ಬದುಕು ಚಳಿಯ ಬದಲು ಮಳೆಗೆ ಹೊಂದಿಕೊಂಡಿದೆ. ಮುಂಗಾರಿಗೆ ಮುನ್ನ ಎಲೆಯೇ ಇಲ್ಲದೆ ನೆಲದಿಂದ ನೇರ ಅರಳುವ ನೆಲಸಂಪಿಗೆ, ಮೊದಲ ಮಳೆಗಳ ಹಿಂದೆಯೇ ಪಾತಿಯಂಚಿನಲ್ಲಿ ಸಾಲುಗಟ್ಟುವ ರೇನ್ ಲಿಲ್ಲಿ ಇವೆಲ್ಲ ನೆಲದಡಿಯಲ್ಲಿ ಕೂಡಿಟ್ಟ ಆಹಾರದ ಬಲದಿಂದ ಋತುವಿನ ಬಾಗಿಲು ತೆರೆಯುವ ಹೊತ್ತಿಗೆ ಎದ್ದು ನಿಲ್ಲುವಂಥವೇ. ಇಂಗ್ಲೆಂಡಿನಲ್ಲೋ ನ್ಯೂಜೆರ್ಸಿಯಲ್ಲೋ ಮನೆ ಮಾಡಿ ಮೊದಲ ಬಾರಿಗೆ ಹಿತ್ತಲಲ್ಲಿ ಗುದ್ದಲಿ ಹಿಡಿದ ಕನ್ನಡಿಗರಿಗೆ ಬದಲಾಗುವುದು ಇಷ್ಟು: ಅಲ್ಲಿ ನೆಡುವ ಕಾಲ ದೀಪಾವಳಿಯ ಆಸುಪಾಸು, ಹೂವಿನ ಕಾಲ ಶಿವರಾತ್ರಿಯಿಂದ ಯುಗಾದಿಯವರೆಗೆ.

ಹುಲ್ಲಿನಲ್ಲಿ, ಮರದಡಿಯಲ್ಲಿ ಗೆಡ್ಡೆಗಳನ್ನು ಕಾಡಿನ ಹಾಗೆ ಬೆಳೆಸುವ ಆಲೋಚನೆಯನ್ನು ಬ್ರಿಟನ್ನಿನಲ್ಲಿ ಜನಪ್ರಿಯ ಮಾಡಿದವನು ಐರ್ಲೆಂಡಿನಲ್ಲಿ ಹುಟ್ಟಿದ ತೋಟಗಾರ ವಿಲಿಯಂ ರಾಬಿನ್‌ಸನ್. ಅವನ 'ದಿ ವೈಲ್ಡ್ ಗಾರ್ಡನ್' ಪುಸ್ತಕ ಬಂದದ್ದು 1870ರಲ್ಲಿ. ರಂಗೋಲಿಯ ಚೌಕಗಳ ಹಾಗೆ ಪಾತಿ ಕತ್ತರಿಸಿ ಋತುವಿಗೊಮ್ಮೆ ಗಿಡ ಬದಲಿಸುವ ವಿಕ್ಟೋರಿಯಾ ಕಾಲದ ಶೋಕಿಗೆ ಅವನು ಬದ್ಧವೈರಿ. ಸಸೆಕ್ಸ್‌ನ ಗ್ರೇವ್‌ಟೈ ಮೇನರ್ ಎಂಬ ತನ್ನ ಎಸ್ಟೇಟಿನಲ್ಲಿ ಡ್ಯಾಫೊಡಿಲ್‌ಗಳನ್ನು ಸಾವಿರಗಟ್ಟಲೆ ಹುಲ್ಲಿನಲ್ಲಿ ನೆಡಿಸಿದ. ಆದರೆ ಅವನು ಬರೆಯುವುದಕ್ಕೆ ಎಷ್ಟೋ ಮೊದಲೇ ಇದರ ಫಲ ಬೇರೆಡೆ ಕಣ್ಣೆದುರಿಗಿತ್ತು. ಉತ್ತರ ನೆದರ್ಲೆಂಡ್ಸಿನ ಫ್ರೀಸ್‌ಲ್ಯಾಂಡ್ ಪ್ರಾಂತದ ಹಳೆಯ ಜಮೀನ್ದಾರಿ ಮನೆಗಳ ಸುತ್ತ ಯಾವುದೋ ತಲೆಮಾರಿನವರು ಅಂದಕ್ಕೆಂದು ನೆಟ್ಟ ಸ್ನೋಡ್ರಾಪ್, ಅಕೊನೈಟ್, ಸಿಲ್ಲಾಗಳು ತೋಟದ ಬೇಲಿ ಮೀರಿ ಹಬ್ಬಿಕೊಂಡಿವೆ. ಎಷ್ಟೋ ಕಡೆ ಮನೆ ಬಿದ್ದುಹೋಗಿ ಹೂಗಳು ಮಾತ್ರ ಉಳಿದಿವೆ. ಡಚ್ಚರು ಅವನ್ನು ಆ ಮನೆಗಳ ಹೆಸರಿನಿಂದಲೇ 'ಸ್ಟಿನ್ಸನ್ ಗಿಡಗಳು' ಎಂದು ಕರೆಯುತ್ತಾರೆ. ಉತ್ತರ ಜರ್ಮನಿಯ ಹೂಸುಮ್ ಪಟ್ಟಣದ ಅರಮನೆ ತೋಟದಲ್ಲಿ ಮಾರ್ಚ್ ತಿಂಗಳಲ್ಲಿ ಲಕ್ಷಾಂತರ ನೇರಳೆ ಕ್ರೋಕಸ್‌ಗಳು ಅರಳುತ್ತವೆ. ಯಾರು ನೆಟ್ಟರು ಎಂಬುದಕ್ಕೆ ಸನ್ಯಾಸಿಗಳ ಕಥೆಯೂ ಇದೆ, ರಾಣಿವಾಸದ ಕಥೆಯೂ ಇದೆ.

ಇನ್ನು ಜಾಗಕ್ಕೆ ತಕ್ಕ ಆಯ್ಕೆ. ಎಲೆ ಉದುರಿಸುವ ಮರದ ಬುಡದಲ್ಲಿ ಹುಲ್ಲು ಸರಿಯಾಗಿ ಬೆಳೆಯದ, ಎಲೆಗೊಬ್ಬರ ಕಳಿತ ಬರಿನೆಲವಿದ್ದರೆ ಅಲ್ಲಿಗೆ ಮೊದಲ ಹೆಸರು ವಿಂಟರ್ ಅಕೊನೈಟ್. ದಕ್ಷಿಣ ಯುರೋಪಿನ ಕಾಡುಗಳ ಈ ಗಿಡ ಬೆರಳುದ್ದಕ್ಕಿಂತ ಎತ್ತರ ಬೆಳೆಯುವುದಿಲ್ಲ. ಜನವರಿ ಕೊನೆಗೇ ಹಸಿರು ಕೊರಳಪಟ್ಟಿಯ ಮೇಲೆ ಹಳದಿ ಬಟ್ಟಲನ್ನು ಇಟ್ಟಂತೆ ಹೂ ಬಿಡುತ್ತದೆ. ಸುಣ್ಣದಂಶವಿರುವ ಮಣ್ಣೆಂದರೆ ಇದಕ್ಕೆ ಇಷ್ಟ. ಇದರ ಹರಡುವಿಕೆಯೆಲ್ಲ ಬೀಜದಿಂದ. ಮೊದಲ ವರ್ಷ ಮೊಳಕೆ ಒಂದು ಜೊತೆ ಬೀಜದೆಲೆಗೇ ನಿಂತುಬಿಡುತ್ತದೆ. ಹೂವಿಗೆ ಮೂರು ನಾಲ್ಕು ವರ್ಷ ಕಾಯಬೇಕು. ಆ ಎಳೆ ಮೊಳಕೆಗಳನ್ನು ಕಳೆ ಎಂದು ತಿಳಿದು ಕೆರೆದು ಹಾಕುವುದೇ ಅಕೊನೈಟ್ ಹರಡದಿರುವುದಕ್ಕೆ ದೊಡ್ಡ ಕಾರಣ. ಒಣಗಿದ ಗಂಟುಗಳನ್ನು ಕೊಂಡರೆ ನೆಡುವ ಮುನ್ನ ಒಂದು ರಾತ್ರಿ ನೀರಿನಲ್ಲಿ ನೆನೆಹಾಕಬೇಕು. ಹಾಗೆ ಮಾಡಿದರೂ ಎಲ್ಲವೂ ಬದುಕುವುದಿಲ್ಲ.

ಅದರ ಜೊತೆಗಾರ ಸ್ನೋಡ್ರಾಪ್. ಸಾಮಾನ್ಯ ಜಾತಿ ಗ್ಯಾಲಾಂಥಸ್ ನಿವಾಲಿಸ್ ಎಲ್ಲೆಡೆ ಕಾಣುವುದರಿಂದ ಬ್ರಿಟಿಷರು ಅದನ್ನು ತಮ್ಮ ನೆಲದ್ದೇ ಎಂದು ತಿಳಿಯುವುದುಂಟು. 18ನೇ ಶತಮಾನದ ಕೊನೆಯ ಭಾಗದವರೆಗೆ ಅದು ಅಲ್ಲಿ ಕಾಡುಗಿಡವಾಗಿ ದಾಖಲಾಗಿರಲಿಲ್ಲ. ಚರ್ಚಿನಂಗಳ, ಮಠದಂಗಳಗಳಿಂದ ಆಚೆ ಹಬ್ಬಿದ ಅತಿಥಿ ಅದು. ಚಳಿಯನ್ನು ಎದುರಿಸಲು ಅದು ಚೆನ್ನಾಗಿಯೇ ಸಜ್ಜಾಗಿದೆ. ಹೆಪ್ಪುಗಟ್ಟಿದ ನೆಲವನ್ನು ಚುಚ್ಚಿ ಬರಲು ಎಲೆಯ ತುದಿ ಗಟ್ಟಿಯಾಗಿರುತ್ತದೆ. ಕಡು ಹಿಮ ಬಿದ್ದ ಬೆಳಗ್ಗೆ ಇಡೀ ಗುಂಪು ನೆಲಕ್ಕೆ ಒರಗಿ ಸತ್ತಂತೆ ಬಿದ್ದಿರುತ್ತದೆ. ಬಿಸಿಲೇರಿದ ಮೇಲೆ ಏನೂ ಆಗದಂತೆ ಎದ್ದು ನಿಲ್ಲುತ್ತದೆ. ಹೊರಗಿನ ಮೂರು ಬಿಳಿ ಎಸಳು ತಣ್ಣನೆಯ ದಿನ ಮುಚ್ಚಿಕೊಂಡಿರುತ್ತವೆ. ಜೇನ್ನೊಣ ಹಾರುವಷ್ಟು, ಅಂದರೆ ಹತ್ತು ಡಿಗ್ರಿಯ ಆಸುಪಾಸು ಬಿಸಿಯಾದಾಗ ಅವು ಅಗಲಿ, ಒಳಗಿನ ಹಸಿರು ಗುರುತಿನ ಪುಟ್ಟ ಎಸಳುಗಳು ಕಾಣುತ್ತವೆ. ಬೀಜದ ಮೇಲೆ ಎಣ್ಣೆಯಂಶದ ಒಂದು ತುಣುಕು ಅಂಟಿಕೊಂಡಿರುತ್ತದೆ. ಇರುವೆಗಳು ಅದರ ಆಸೆಗೆ ಬೀಜವನ್ನು ಹೊತ್ತೊಯ್ದು ತುಣುಕು ತಿಂದು ಬೀಜವನ್ನು ಬಿಡುತ್ತವೆ. ಆದರೂ ಸ್ನೋಡ್ರಾಪ್ ಹೆಚ್ಚಾಗಿ ಗುಂಪಾಗುವುದು ಮರಿಗೆಡ್ಡೆಗಳಿಂದ. ಹಲವು ಸುತ್ತಿನ ಎಸಳಿನ 'ಫ್ಲೋರ್ ಪ್ಲೆನೋ' ಬೀಜವನ್ನೇ ಕಟ್ಟದಿದ್ದರೂ ಗುಂಪು ಮಾತ್ರ ಭರದಿಂದ ಹಿಗ್ಗುತ್ತದೆ.

ಸ್ವಲ್ಪ ಬಿಸಿಲು ಹೆಚ್ಚು, ತೇವ ಕಡಿಮೆ ಇರುವ ಕಡೆಗೆ ಅಗಲ ಎಲೆಯ ಗ್ಯಾಲಾಂಥಸ್ ಎಲ್ವೆಸಿ ಒಗ್ಗುತ್ತದೆ. ಇಂಗ್ಲಿಷ್ ಸಸ್ಯಸಂಗ್ರಹಕಾರ ಹೆನ್ರಿ ಜಾನ್ ಎಲ್ವಿಸ್ 1874ರಲ್ಲಿ ಟರ್ಕಿಯ ಇಜ್ಮಿರ್ ಕಡೆಯ ಬೆಟ್ಟಗಳಲ್ಲಿ ಇದನ್ನು ಕಂಡು ತಂದ. ಗ್ಲಾಸ್ಟರ್‌ಶೈರ್‌ನ ಕೋಲ್ಸ್‌ಬೋರ್ನ್‌ನಲ್ಲಿರುವ ಅವನ ಎಸ್ಟೇಟಿಗೆ ಇಂದಿಗೂ ಫೆಬ್ರುವರಿಯಲ್ಲಿ ಜನ ಸ್ನೋಡ್ರಾಪ್ ನೋಡಲು ಹೋಗುತ್ತಾರೆ. ಹಸಿರು ಗುರುತಿನ ಅಂಚಿನಲ್ಲೋ ಅಂಡಾಶಯದ ಬಣ್ಣದಲ್ಲೋ ಕೂದಲೆಳೆಯ ವ್ಯತ್ಯಾಸವಿರುವ ಒಂದೇ ಗೆಡ್ಡೆಗೆ ಸಾವಿರ ಪೌಂಡಿಗೂ ಮೇಲೆ ಕೊಟ್ಟ ಸಂಗ್ರಹಕಾರರಿದ್ದಾರೆ. ಹುಲ್ಲಿನಲ್ಲಿ ನೆಲೆಯೂರಿಸುವವರಿಗೆ ಆ ಹುಚ್ಚಿನ ಹಂಗಿಲ್ಲ. ಹತ್ತು ಅಡಿ ದೂರದಿಂದ ನೋಡುವಾಗ ಸಾಮಾನ್ಯ ನಿವಾಲಿಸ್‌ನ ಒಂದು ಹಾಸಿಗೆ ಯಾವ ಅಪರೂಪದ ತಳಿಗೂ ಕಡಿಮೆಯಲ್ಲ.

ಕತ್ತರಿಸಿ ಅಚ್ಚುಕಟ್ಟಾಗಿಡುವ ಹುಲ್ಲುಹಾಸಿಗೆ ಕ್ರೋಕಸ್ ತಕ್ಕದ್ದು. ಅದರಲ್ಲೂ ಕ್ರೋಕಸ್ ಟೊಮಾಸಿನಿಯಾನಸ್ ಎಂಬ ಬಾಲ್ಕನ್ ಸೀಮೆಯ ಜಾತಿ ಉಳಿದವನ್ನೆಲ್ಲ ಹಿಂದಿಕ್ಕುತ್ತದೆ. ಟ್ರಿಯೆಸ್ಟ್ ನಗರದ ಮೇಯರ್ ಆಗಿದ್ದ ಸಸ್ಯಶಾಸ್ತ್ರಜ್ಞ ಟೊಮಾಸಿನಿಯ ಹೆಸರು ಹೊತ್ತ ಈ ಹೂವನ್ನು ಇಂಗ್ಲಿಷ್ ತೋಟಗಾರರು ಸಲಿಗೆಯಿಂದ 'ಟಾಮಿ' ಎನ್ನುತ್ತಾರೆ. ಮುಚ್ಚಿದ್ದಾಗ ಹೊರಮೈ ಬೂದುಬಣ್ಣಕ್ಕಿದ್ದು ಹುಲ್ಲಿನಲ್ಲಿ ಕಾಣುವುದೇ ಇಲ್ಲ. ಫೆಬ್ರುವರಿಯ ಒಂದು ಬಿಸಿಲ ಮಧ್ಯಾಹ್ನ ಕೆಲವೇ ನಿಮಿಷಗಳಲ್ಲಿ ನೂರಾರು ತಿಳಿನೇರಳೆ ನಕ್ಷತ್ರಗಳು ತೆರೆದುಕೊಳ್ಳುತ್ತವೆ. ನೆಲದಿಂದ ಮೇಲೆ ಕಾಣುವ ಬಿಳಿಯ ಭಾಗ ತೊಟ್ಟಲ್ಲ, ಹೂವಿನದೇ ಉದ್ದನೆಯ ನಳಿಕೆ. ಅಂಡಾಶಯ ಆ ಹೊತ್ತಿನಲ್ಲಿ ಮಣ್ಣಿನೊಳಗೇ ಬೆಚ್ಚಗಿರುತ್ತದೆ. ಹೂವು ಬಾಡಿ, ಎಲ್ಲರೂ ಅದನ್ನು ಮರೆತ ಮೇಲೆ, ಮೇ ತಿಂಗಳ ಸುಮಾರಿಗೆ ಬೀಜಕೋಶ ಒಂದು ಗಿಡ್ಡ ತೊಟ್ಟಿನ ಮೇಲೆ ನೆಲದ ಮಟ್ಟಕ್ಕೆ ತಲೆಯೆತ್ತಿ ಒಡೆಯುತ್ತದೆ. ಅಷ್ಟರೊಳಗೆ ಯಂತ್ರ ಓಡಿಸಿದವರ ಹುಲ್ಲುಹಾಸಿನಲ್ಲಿ ಟಾಮಿ ಹಬ್ಬುವುದಿಲ್ಲ.

ಬೀಜ ಕಟ್ಟುವುದು ಇಲ್ಲಿ ಇಷ್ಟು ಮುಖ್ಯವಾದ್ದರಿಂದ ತಳಿಯ ಹೆಸರನ್ನೂ ಗಮನಿಸಬೇಕು. 'ವೈಟ್‌ವೆಲ್ ಪರ್ಪಲ್', 'ಬಾರ್ಸ್ ಪರ್ಪಲ್' ಎರಡೂ ಒಳ್ಳೆಯವು. ಹೆಚ್ಚು ಕಡುಬಣ್ಣದ 'ರೂಬಿ ಜೈಂಟ್' ಬಂಜೆ. ನೆಟ್ಟಲ್ಲೇ ಗುಂಪಾಗುತ್ತದೆಯೇ ಹೊರತು ದೂರ ಹೋಗುವುದಿಲ್ಲ. ಕ್ರೋಕಸ್ ಕುಲದಲ್ಲಿ ಬಂಜೆತನಕ್ಕೆ ಎಲ್ಲರಿಗೂ ಗೊತ್ತಿರುವ ಉದಾಹರಣೆ ಕೇಸರಿ. ಕಾಶ್ಮೀರದ ಪಾಂಪೋರ್‌ನಲ್ಲಿ ಬೆಳೆಯುವ ಕ್ರೋಕಸ್ ಸಟೈವಸ್‌ಗೆ ವರ್ಣತಂತುಗಳ ಗಣ ಎರಡರ ಬದಲು ಮೂರಿರುವುದರಿಂದ ಬೀಜವಾಗುವುದಿಲ್ಲ. ಮನುಷ್ಯ ಗೆಡ್ಡೆ ಕಿತ್ತು ಬೇರೆಡೆ ನೆಟ್ಟರಷ್ಟೇ ಅದರ ಸಂತಾನ. ಅದು ಅರಳುವುದೂ ಶರತ್ಕಾಲದಲ್ಲಿ. ದೊಡ್ಡ ಹೂವಿನ ಡಚ್ ಕ್ರೋಕಸ್‌ಗಳು ಹುಲ್ಲಿನಲ್ಲಿ ಹಲವು ವರ್ಷ ಬಾಳುತ್ತವೆ, ಆದರೆ ಮಳೆ ಗಾಳಿಗೆ ಬೇಗ ಮಲಗಿಬಿಡುತ್ತವೆ. ಹಳದಿ ಕ್ರೋಕಸ್‌ಗಳನ್ನು ಗುಬ್ಬಿಗಳು ಕುಕ್ಕಿ ಚಿಂದಿ ಮಾಡುವುದುಂಟು. ಕಾರಣದ ಬಗ್ಗೆ ತೋಟಗಾರರಲ್ಲಿ ಒಮ್ಮತವಿಲ್ಲ, ಹಾನಿಯ ಬಗ್ಗೆ ಇದೆ. ಉತ್ತರ ಲಂಡನ್ನಿನ ಎನ್‌ಫೀಲ್ಡ್‌ನ ಮಿಡಲ್ಟನ್ ಹೌಸ್‌ನಲ್ಲಿ ಜೀವಮಾನವಿಡೀ ಕ್ರೋಕಸ್ ಬೆಳೆಸಿ, 1924ರಲ್ಲಿ ಅದರ ಮೇಲೊಂದು ಕೈಪಿಡಿಯನ್ನೇ ಬರೆದ ಇ. ಎ. ಬೋಲ್ಸ್‌ನ ತೋಟ ಈಗಲೂ ನೋಡಲು ಸಿಗುತ್ತದೆ.

ಬೇಸಿಗೆಯವರೆಗೆ ಕತ್ತರಿಸದೆ ಬಿಡಬಹುದಾದ ಎತ್ತರದ ಹುಲ್ಲಿದ್ದರೆ ಅದು ಡ್ಯಾಫೊಡಿಲ್‌ನ ಜಾಗ. ಭಾರತದ ಶಾಲಾ ಮಕ್ಕಳಿಗೆ ಈ ಹೂವು ನೋಡುವ ಮೊದಲೇ ಪದ್ಯದಲ್ಲಿ ಪರಿಚಯ. ಆ ಪದ್ಯದ ಕವಿ ವರ್ಡ್ಸ್‌ವರ್ತ್ ಮತ್ತು ಅವನ ತಂಗಿ ಡೊರೊಥಿ 1802ರ ಏಪ್ರಿಲ್ 15ರಂದು ಅಲ್ಸ್‌ವಾಟರ್ ಸರೋವರದ ದಡದಲ್ಲಿ ಕಂಡದ್ದು ಇಂಗ್ಲೆಂಡಿನ ಕಾಡು ಡ್ಯಾಫೊಡಿಲ್, ಅಂದರೆ ನಾರ್ಸಿಸಸ್ ಸೂಡೊನಾರ್ಸಿಸಸ್. ಇಂದು ರಸ್ತೆ ಬದಿಯಲ್ಲಿ ಕಾಣುವ ದೊಡ್ಡ ಕಹಳೆಯ ಹಳದಿ ಹೂವಿಗೂ ಅದಕ್ಕೂ ಬಹಳ ಅಂತರ. ಕಾಡು ಡ್ಯಾಫೊಡಿಲ್ ಗಿಡ್ಡ, ಎಸಳು ಮಾಸಲು ಹಳದಿ, ನಡುವಿನ ಬಟ್ಟಲು ಮಾತ್ರ ಗಾಢ. ಗ್ಲಾಸ್ಟರ್‌ಶೈರ್‌ನ ಡೈಮೊಕ್ ಸುತ್ತಲಿನ ಹಳ್ಳಿಗಳಲ್ಲೂ ಯಾರ್ಕ್‌ಶೈರ್‌ನ ಫಾರ್ನ್‌ಡೇಲ್ ಕಣಿವೆಯಲ್ಲೂ ಇದರ ಸಹಜ ಹೊಲಗಳು ಉಳಿದಿವೆ. ಬೀಜದಿಂದ ಹೂವಿಗೆ ಐದರಿಂದ ಏಳು ವರ್ಷ ಹಿಡಿಯುವುದರಿಂದ ಅವಸರದವರಿಗೆ ಇದು ಹೇಳಿಸಿದ್ದಲ್ಲ. ಆದರೆ ಹುಲ್ಲಿನ ನಡುವೆ ಇದಕ್ಕೆ ಒಪ್ಪುವ ಹಾಗೆ ಬೇರಾವುದೂ ಒಪ್ಪುವುದಿಲ್ಲ.

ಬೇಗ ಗುಂಪಾಗಬೇಕೆಂದರೆ ಹಿಂದಕ್ಕೆ ಮಡಿಚಿದ ಎಸಳಿನ ಸೈಕ್ಲಮೀನಿಯಸ್ ಜಾತಿಯಿಂದ ಬಂದ ಮಿಶ್ರತಳಿಗಳಿವೆ. 'ಫೆಬ್ರುವರಿ ಗೋಲ್ಡ್' ಹೆಸರಿಗೆ ಫೆಬ್ರುವರಿಯಾದರೂ ಇಂಗ್ಲೆಂಡಿನ ಬಹುತೇಕ ಕಡೆ ಮಾರ್ಚ್‌ಗೆ ಮುನ್ನ ಅರಳುವುದು ಕಡಿಮೆ. ಆದರೆ ಹುಲ್ಲಿನಲ್ಲಿ ದಶಕಗಟ್ಟಲೆ ಬಾಳುತ್ತದೆ. ಕಾರ್ನ್‌ವಾಲ್‌ನ ಅಲೆಕ್ ಗ್ರೇ ಬೆಳೆಸಿದ 'ಟೆಟ್-ಅ-ಟೆಟ್' ಕುಂಡದ ಗಿಡವಾಗಿ ಜಗತ್ತಿಗೆಲ್ಲ ಪರಿಚಿತ. ಕುಂಡದಲ್ಲಿ ಹೂವು ಮುಗಿದ ಮೇಲೆ ಎಸೆಯುವ ಬದಲು ಮಣ್ಣಿಗೆ ಇಳಿಸಿದರೆ ಅದೂ ಬದುಕಿಕೊಳ್ಳುತ್ತದೆ. ಕಿತ್ತಳೆ ಬಟ್ಟಲಿನವು, ಗುಲಾಬಿ ಕಹಳೆಯವು, ಎಸಳಿನ ಮೇಲೆ ಎಸಳು ತುರುಕಿದವು ಹುಲ್ಲಿನಲ್ಲಿ ಹೊರಗಿನವರ ಹಾಗೆ ನಿಲ್ಲುತ್ತವೆ. ತೂಕದ ಹೂವು ಮೊದಲ ಮಳೆಗೇ ಮುಖ ಕೆಳಗೆ ಹಾಕುತ್ತದೆ. ತೆಳು ಹುಲ್ಲಿನ, ವಸಂತದಲ್ಲಿ ನೀರು ಒಸರುವ, ಹುಳಿಮಣ್ಣಿನ ಇಳಿಜಾರಿಗೆ ಗೇಣುದ್ದದ ನಾರ್ಸಿಸಸ್ ಬಲ್ಬೊಕೋಡಿಯಂ ಇದೆ. ಸರ್ರೆಯ ವಿಜ್ಲೀ ಉದ್ಯಾನದ ಆಲ್ಪೈನ್ ಹುಲ್ಲುಗಾವಲು ಇದರಿಂದಲೇ ಹೆಸರುವಾಸಿಯಾಗಿದೆ.

ನೆಲ ಜೌಗಾಗಿದ್ದರೆ ಮೇಲೆ ಹೇಳಿದವುಗಳಲ್ಲಿ ಹೆಚ್ಚಿನವು ಕೊಳೆಯುತ್ತವೆ. ಅಲ್ಲಿಗೆ ಸ್ನೇಕ್ಸ್‌ಹೆಡ್ ಫ್ರಿಟಿಲರಿ ಸರಿ. ಚೌಕುಳಿ ಬಟ್ಟೆಯಂತೆ ನೇರಳೆ ಮನೆಗಳಿರುವ ಜೋಲುಗಂಟೆಯ ಈ ಹೂವು ಏಪ್ರಿಲ್‌ನದು, ತುಸು ತಡವಾದದ್ದು. ವಿಲ್ಟ್‌ಶೈರ್‌ನ ಕ್ರಿಕ್ಲೇಡ್ ಊರಿನ ನಾರ್ತ್ ಮೆಡೋ ಎಂಬ ಹುಲ್ಲುಗಾವಲು ಬ್ರಿಟನ್ನಿನಲ್ಲಿ ಇದರ ಅತಿ ದೊಡ್ಡ ನೆಲೆ. ಚಳಿಗಾಲದಲ್ಲಿ ಥೇಮ್ಸ್ ನೆರೆಯಿಂದ ಮುಳುಗುವ ಆ ಬಯಲಿನಲ್ಲಿ ಹುಲ್ಲು ಕೊಯ್ಯುವುದು ಜುಲೈ ತಿಂಗಳಲ್ಲಿ, ಫ್ರಿಟಿಲರಿಯ ಬೀಜ ಉದುರಿದ ಮೇಲೆ; ಆಮೇಲೆ ದನ ಬಿಡುತ್ತಾರೆ. ಹೂವು ಶತಮಾನಗಳಿಂದ ಉಳಿದದ್ದು ಈ ಪದ್ಧತಿಯಿಂದಲೇ.

ನೀಲಿ ಬೇಕೆನ್ನುವವರಿಗೆ ಸಿಲ್ಲಾ ಮತ್ತು ಕಯೊನೊಡಾಕ್ಸ ಇವೆ. ಸಿಲ್ಲಾ ಸೈಬೀರಿಕಾ ಹೆಸರಿಗೆ ಸೈಬೀರಿಯದ್ದು, ಹುಟ್ಟೂರು ಕಾಕಸಸ್, ಟರ್ಕಿ ಕಡೆ. ಕಯೊನೊಡಾಕ್ಸ ಟರ್ಕಿಯ ಬೆಟ್ಟಗಳದ್ದು. ಸ್ವಿಸ್ ಸಸ್ಯಶಾಸ್ತ್ರಜ್ಞ ಬ್ವಾಸಿಯೇ ಅದರ ಒಂದು ಜಾತಿಗೆ ಹೆಂಡತಿ ಲೂಸಿಲ್‌ಳ ಹೆಸರಿಟ್ಟ. ಎರಡೂ ಪೊದೆಗಳ ಕೆಳಗೆ, ಗುಲಾಬಿ ಪಾತಿಯ ಬುಡದಲ್ಲಿ ಬೀಜ ಚೆಲ್ಲಿಕೊಂಡು ಹೋಗುತ್ತವೆ.

ಟ್ಯುಲಿಪ್ ಈ ಪಟ್ಟಿಯಲ್ಲಿ ಇಲ್ಲದಿರುವುದು ಮರೆವಿನಿಂದಲ್ಲ. ಅದರ ಮೂಲ ಮಧ್ಯ ಏಷ್ಯಾದ, ಬೇಸಿಗೆಯಲ್ಲಿ ಸುಟ್ಟು ಒಣಗುವ ಬೆಟ್ಟಗಳು. ತೇವದ ಬೇಸಿಗೆಯಿರುವ ಕಡೆ ಅಂಗಡಿಯ ದೊಡ್ಡ ಟ್ಯುಲಿಪ್ ವರ್ಷದಿಂದ ವರ್ಷಕ್ಕೆ ಸಣ್ಣದಾಗಿ, ಕೊನೆಗೆ ಒಂದೇ ಎಲೆ ತೋರಿಸಿ ನಿಲ್ಲುತ್ತದೆ. 2007ರಲ್ಲಿ ದಾಲ್ ಸರೋವರದ ಬಳಿ ತೆರೆದ ಶ್ರೀನಗರದ ಟ್ಯುಲಿಪ್ ಉದ್ಯಾನದಲ್ಲೂ ಗೆಡ್ಡೆಗಳು ನೆಲದ ಪಾಡಿಗೆ ಬಿಟ್ಟವಲ್ಲ. ಹೊರದೇಶದಿಂದ ತರಿಸುವುದು, ನೆಡುವುದು, ಕೀಳುವುದು ವರ್ಷವಿಡೀ ನಡೆಯುವ ಕೆಲಸ. ಜಲ್ಲಿ ಮಣ್ಣಿನ ಬಿಸಿಲ ಪಾತಿಯಿದ್ದರೆ ಟ್ಯುಲಿಪಾ ಟಾರ್ಡಾ, ಟ್ಯುಲಿಪಾ ತುರ್ಕೆಸ್ತಾನಿಕಾದಂಥ ಗಿಡ್ಡ ಕಾಡುಜಾತಿಗಳನ್ನು ಪ್ರಯತ್ನಿಸಬಹುದು.

ಕೊಳ್ಳುವಾಗ ಕಾಡಿನಿಂದ ಕಿತ್ತು ತಂದದ್ದಲ್ಲ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ಟರ್ಕಿಯ ಬೆಟ್ಟಗಳನ್ನು ಗೆಡ್ಡೆ ವ್ಯಾಪಾರ ಒಂದು ಕಾಲಕ್ಕೆ ಬರಿದು ಮಾಡುವ ಹಂತಕ್ಕೆ ಬಂದಿತ್ತು. ಸ್ನೋಡ್ರಾಪ್, ಸೈಕ್ಲಮೆನ್, ಸ್ಟರ್ನ್‌ಬರ್ಜಿಯಾ ಕುಲಗಳ ಅಂತರರಾಷ್ಟ್ರೀಯ ವಹಿವಾಟು ಈಗ ಅಳಿವಿನಂಚಿನ ಜೀವಿಗಳ ವ್ಯಾಪಾರಕ್ಕೆ ಸಂಬಂಧಿಸಿದ ಸೈಟಿಸ್ ಒಪ್ಪಂದದ ನಿಯಂತ್ರಣದಲ್ಲಿದೆ. ನರ್ಸರಿಯಲ್ಲೇ ಬೆಳೆಸಿದ್ದು ಎಂದು ನಮೂದಿಸಿದ ಗೆಡ್ಡೆಯನ್ನೇ ಕೊಳ್ಳುವುದು ಒಳ್ಳೆಯದು. ಗೆಡ್ಡೆ ಕೈಗೆ ಗಟ್ಟಿಯಾಗಿ, ತೂಕವಾಗಿರಬೇಕು. ಬುಡ ಮೆತ್ತಗಾಗಿದ್ದರೆ, ಬೂಷ್ಟು ಹಿಡಿದಿದ್ದರೆ ಬೇಡ. ತೆಳು ಸಿಪ್ಪೆಯ ಸ್ನೋಡ್ರಾಪ್, ಸಿಪ್ಪೆಯೇ ಇಲ್ಲದ ಫ್ರಿಟಿಲರಿ ಅಂಗಡಿಯ ಬಿಸಿಯಲ್ಲಿ ವಾರಗಟ್ಟಲೆ ಕೂತರೆ ಒಣಗಿ ಸತ್ತಿರುತ್ತವೆ. ಅದಕ್ಕೇ ಸ್ನೋಡ್ರಾಪ್ ಮತ್ತು ಅಕೊನೈಟ್‌ಗಳನ್ನು ಹೂವು ಮುಗಿದ ಕೂಡಲೇ, ಎಲೆ ಹಸಿರಿರುವಾಗಲೇ, ಬೇರುಸಹಿತ ಕೊಂಡು ನೆಡುವ ರೂಢಿಯಿದೆ. ದುಬಾರಿಯಾದರೂ ಸಾಯುವುದು ಕಡಿಮೆ.

ಒಣಗೆಡ್ಡೆಗಳನ್ನು ನೆಡುವ ಕಾಲ ಸೆಪ್ಟೆಂಬರ್‌ನಿಂದ ನವೆಂಬರ್. ಡ್ಯಾಫೊಡಿಲ್ ಬೇಗ ಬೇರು ಬಿಡುವುದರಿಂದ ಸೆಪ್ಟೆಂಬರ್‌ನಲ್ಲೇ ಮುಗಿಸಿದರೆ ಲೇಸು. ಆಳದ ಲೆಕ್ಕ ಸರಳ: ಗೆಡ್ಡೆಯ ಎತ್ತರದ ಎರಡು ಮೂರು ಪಟ್ಟು. ಕ್ರೋಕಸ್‌ಗೆ ಎಂಟು ಹತ್ತು ಸೆಂಟಿಮೀಟರ್, ಡ್ಯಾಫೊಡಿಲ್‌ಗೆ ಹದಿನೈದರವರೆಗೆ. ಮೇಲ್ಮೇಲೆ ನೆಟ್ಟ ಡ್ಯಾಫೊಡಿಲ್ ಪುಡಿಮರಿಗಳಾಗಿ ಒಡೆದು ಹೂವು ನಿಲ್ಲಿಸುತ್ತದೆ. ಸಣ್ಣ ಗೆಡ್ಡೆಗಳಿಗೆ ಹುಲ್ಲಿನ ಹೆಪ್ಪನ್ನು ಸಲಿಕೆಯಿಂದ ಮೂರು ಕಡೆ ಕತ್ತರಿಸಿ ಚಾಪೆಯಂತೆ ಮಡಿಚಿ, ಅಡಿಯ ಮಣ್ಣು ಸಡಿಲಿಸಿ, ಗೆಡ್ಡೆ ಹರಡಿ ಮತ್ತೆ ಮುಚ್ಚುವುದು ಸುಲಭ. ಸಾಲು ಬೀಳಬಾರದು. ಹಿಡಿ ತುಂಬ ಗೆಡ್ಡೆಗಳನ್ನು ಮೆಲ್ಲಗೆ ಚೆಲ್ಲಿ ಬಿದ್ದಲ್ಲೇ ನೆಡುವುದು ಹಳೆಯ ಉಪಾಯ. ಬಿದ್ದದ್ದನ್ನು ಆಚೀಚೆ ಸರಿಸಿ 'ಸರಿಪಡಿಸುವ' ಆಸೆ ಎಂಥವರಿಗೂ ಬರುತ್ತದೆ, ಅದನ್ನು ತಡೆದುಕೊಳ್ಳಬೇಕು. ಒಂದೆಡೆ ಒಂದೇ ಜಾತಿಯಿದ್ದರೆ ಚೆನ್ನ. ಅಗ್ಗಕ್ಕೆ ಸಿಗುವ ಕಲಸುಮೇಲೋಗರದ ಪೊಟ್ಟಣದಲ್ಲಿ ಒಂದು ಅರಳುವಾಗ ಇನ್ನೊಂದು ಬಾಡಿರುತ್ತದೆ.

ಹೂವು ಮುಗಿದ ಮೇಲಿನ ಆರು ವಾರ ನಿರ್ಣಾಯಕ. ಎಲೆ ಹಸಿರಿರುವಷ್ಟು ದಿನವೂ ಮುಂದಿನ ವರ್ಷದ ಹೂವಿಗೆ ಆಹಾರ ಇಳಿಯುತ್ತಿರುತ್ತದೆ. ಡ್ಯಾಫೊಡಿಲ್ ಎಲೆಗಳನ್ನು ಜಡೆ ಹಾಕಿ, ಗಂಟು ಕಟ್ಟಿ, ರಬ್ಬರ್ ಬ್ಯಾಂಡ್ ಬಿಗಿದು ಅಚ್ಚುಕಟ್ಟು ಮಾಡುವ ಅಭ್ಯಾಸ ಇಂಗ್ಲೆಂಡಿನಲ್ಲಿ ಬಹಳ ಕಾಲ ಇತ್ತು. ಅದರಿಂದ ಬೆಳಕು ತಪ್ಪಿ ಗೆಡ್ಡೆ ಸೊರಗುತ್ತದಷ್ಟೇ. ಕ್ರೋಕಸ್ ಇರುವ ಹುಲ್ಲಿಗೆ ಮೇ ಕೊನೆ, ಡ್ಯಾಫೊಡಿಲ್ ಇರುವಲ್ಲಿಗೆ ಜೂನ್ ಕೊನೆ, ಫ್ರಿಟಿಲರಿಗೆ ಜುಲೈ ಮೊದಲ ಕತ್ತರಿ ಎಂದಿಟ್ಟುಕೊಳ್ಳಬಹುದು. ಅಷ್ಟು ದಿನ ಮನೆ ಮುಂದೆ ಹುಲ್ಲು ಕೆದರಿ ನಿಲ್ಲುವುದು ಸಹಿಸದವರು ಹಿತ್ತಲಿನ ಮೂಲೆಯನ್ನು ಆರಿಸಿಕೊಳ್ಳುವುದೇ ಮೇಲು. ಗೊಬ್ಬರ ಹಾಕುವುದು ಇಲ್ಲಿ ಉಪಕಾರವಲ್ಲ. ಸಾರಜನಕ ಸಿಕ್ಕರೆ ಹುಲ್ಲು ಸೊಕ್ಕಿ ಗೆಡ್ಡೆಗಳನ್ನು ಅಮುಕುತ್ತದೆ. ಕತ್ತರಿಸಿದ ಹುಲ್ಲನ್ನೂ ಅಲ್ಲೇ ಬಿಡದೆ ಬಾಚಿ ತೆಗೆಯಬೇಕು.

ಬೂದು ಅಳಿಲು ಕ್ರೋಕಸ್, ಟ್ಯುಲಿಪ್‌ಗಳನ್ನು ಅಗೆದು ತಿನ್ನುತ್ತದೆ. ನೆಟ್ಟ ಜಾಗದ ಮೇಲೆ ಕೆಲವು ವಾರ ಕೋಳಿಬಲೆ ಹಾಸಿದರೆ ಉಳಿಯುತ್ತವೆ. ಡ್ಯಾಫೊಡಿಲ್, ಸ್ನೋಡ್ರಾಪ್‌ಗಳನ್ನು ಅದು ಮುಟ್ಟುವುದಿಲ್ಲ, ಅವುಗಳಲ್ಲಿ ವಿಷವಿದೆ. ಆ ವಿಷವಸ್ತುಗಳಲ್ಲೇ ಒಂದಾದ ಗ್ಯಾಲಾಂಟಮೈನ್ ಅನ್ನು 1950ರ ದಶಕದಲ್ಲಿ ಬಲ್ಗೇರಿಯದಲ್ಲಿ ಔಷಧವಾಗಿ ರೂಪಿಸಿದರು. ಇಂದು ಅದು ಆಲ್‌ಝೈಮರ್ ರೋಗದ ಮರೆವಿಗೆ ಕೊಡುವ ಮಾತ್ರೆ. ವೇಲ್ಸ್‌ನ ಬೆಟ್ಟಗಳಲ್ಲಿ ಅದಕ್ಕಾಗಿಯೇ ಡ್ಯಾಫೊಡಿಲ್ ಬೆಳೆಯುವವರಿದ್ದಾರೆ. ಅಡುಗೆಮನೆಯ ಮಟ್ಟಿಗೆ ಎಚ್ಚರ ಬೇಕು: ಡ್ಯಾಫೊಡಿಲ್ ಗೆಡ್ಡೆಯನ್ನು ಈರುಳ್ಳಿಯೆಂದು ಹೆಚ್ಚಿ ವಾಂತಿಯಾಗಿ ಆಸ್ಪತ್ರೆ ಸೇರಿದ ಪ್ರಕರಣಗಳು ಆಗಿವೆ. ಅಕೊನೈಟ್ ಕೂಡ ವಿಷದ ಗಿಡವೇ.

ಚೆನ್ನಾಗಿ ಹಬ್ಬುವುದೇ ಕೆಲವೆಡೆ ಸಮಸ್ಯೆಯಾಗುತ್ತದೆ. ಬ್ರಿಟನ್ನಿನ ಕಾಡಂಚಿನಲ್ಲಿ ಮನೆಯಿದ್ದರೆ ಸ್ಪ್ಯಾನಿಷ್ ಬ್ಲೂಬೆಲ್ ನೆಡಬಾರದು. ಅದು ಸ್ಥಳೀಯ ಬ್ಲೂಬೆಲ್ ಜೊತೆ ಸುಲಭವಾಗಿ ಬೆರೆತು ಮಿಶ್ರಸಂತಾನವಾಗುತ್ತದೆ. ಅಮೆರಿಕದ ಉತ್ತರ ರಾಜ್ಯಗಳಲ್ಲಿ ಸಿಲ್ಲಾ ಸೈಬೀರಿಕಾ ತೋಟ ದಾಟಿ ಕಾಡಿನ ನೆಲಕ್ಕೆ ನುಗ್ಗಿದ ಕಡೆಗಳಿವೆ. ಅಂಥ ಊರುಗಳಲ್ಲಿ ಮರಿಗೆಡ್ಡೆಯಿಂದಷ್ಟೇ ಹೆಚ್ಚುವ ಬಂಜೆ ತಳಿಗಳೇ ವಾಸಿ. ಹುಲ್ಲಿನೊಳಗಿನ ಗುಂಪು ಕೆಲವು ವರ್ಷಗಳಾದ ಮೇಲೆ ಎಲೆ ಮಾತ್ರ ಬಿಟ್ಟು ಹೂವು ಕಡಿಮೆ ಮಾಡಿದರೆ ಒಳಗೆ ಇಕ್ಕಟ್ಟಾಗಿದೆ ಎಂದರ್ಥ. ಸ್ನೋಡ್ರಾಪ್‌ನ ಗುಂಪನ್ನು ಹೂವು ಬಾಡುತ್ತಿದ್ದಂತೆ, ಡ್ಯಾಫೊಡಿಲ್‌ನದನ್ನು ಎಲೆ ಹಳದಿಯಾದ ಮೇಲೆ ಗುದ್ದಲಿಯಿಂದ ಎಬ್ಬಿಸಿ, ಮೂರು ನಾಲ್ಕು ಗೆಡ್ಡೆಗಳ ಪಾಲು ಮಾಡಿ, ಬೇರು ಆರುವ ಮುನ್ನ ಮೊದಲಿದ್ದಷ್ಟೇ ಆಳಕ್ಕೆ ಪಕ್ಕದ ಖಾಲಿ ಜಾಗಗಳಲ್ಲಿ ನೆಟ್ಟು ನೀರು ಹಾಕಬೇಕು.